ಹ್ಯಾಂಗ್ ಗ್ಲೈಡರಿಗೆ ವಿದ್ಯುತ್ ಮೋಟಾರು: ದಾಂಡೇಲಿ ಸೀಮೆಯ ಲೆಕ್ಕ

ಹ್ಯಾಂಗ್ ಗ್ಲೈಡರ್ ಎಂದರೆ ಅಲ್ಯುಮಿನಿಯಂ ಕೊಳವೆಗಳ ಚೌಕಟ್ಟಿಗೆ ಬಿಗಿದ ಬಟ್ಟೆಯ ರೆಕ್ಕೆ. ನಡುಗೊಳವೆಯಿಂದ ಇಳಿಬಿಟ್ಟ ಪಟ್ಟಿಗೆ ಹಾರುವವನು ಬೋರಲಾಗಿ ತೂಗಿಕೊಂಡಿರುತ್ತಾನೆ. ಮುಂದಿರುವ ತ್ರಿಕೋನದ ಅಡ್ಡಕೋಲನ್ನು ಹಿಡಿದು ಮೈಯನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿಸುವುದೇ ಇಲ್ಲಿನ ಚುಕ್ಕಾಣಿ. ರೆಕ್ಕೆಯ ತೂಕ 30 ಕಿಲೋ ಆಸುಪಾಸು. ಮಡಚಿ ಕಟ್ಟಿದರೆ ಜೀಪಿನ ಮೇಲೆ ಹೇರಿಕೊಂಡು ಹೋಗಬಹುದು. ಅಲುಗಾಡದ ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತ, ಒಂದು ಮೀಟರ್ ಇಳಿಯುವಷ್ಟರಲ್ಲಿ 10ರಿಂದ 15 ಮೀಟರ್ ಮುಂದಕ್ಕೆ ಸಾಗುತ್ತದೆ. ತಾನಾಗಿ ಮೇಲೇರುವ ಶಕ್ತಿ ಅದಕ್ಕಿಲ್ಲ. ಎತ್ತರವನ್ನು ಮೊದಲೇ ಸಂಪಾದಿಸಿಕೊಂಡು, ಆಮೇಲೆ ಖರ್ಚು ಮಾಡುತ್ತ ಹೋಗುವ ಯಂತ್ರ ಅದು.

ಎತ್ತರ ಸಂಪಾದಿಸಲು ಗುಡ್ಡ ಬೇಕು. ಗುಡ್ಡದ ನೆತ್ತಿ ಬೋಳಾಗಿರಬೇಕು, ಅದರ ಮುಖ ಗಾಳಿಗೆ ಎದುರಾಗಿರಬೇಕು, ಬುಡದಲ್ಲಿ ಇಳಿಯಲು ಬಯಲಿರಬೇಕು. ಉತ್ತರ ಕನ್ನಡದ ಘಟ್ಟದ ಮೇಲಿನ ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ಇವು ಮೂರೂ ಒಂದೆಡೆ ಕೂಡಿಬರುವುದು ಕಷ್ಟ. ಜೋಯಿಡಾ, ದಾಂಡೇಲಿ ಕಡೆ ಗುಡ್ಡಗಳಿಗೆ ಬರವಿಲ್ಲ, ಆದರೆ ನೆತ್ತಿಯವರೆಗೂ ಕಾಡು ಹಬ್ಬಿದೆ. ಹಳಿಯಾಳ, ಮುಂಡಗೋಡ ಕಡೆ ಭತ್ತ, ಗೋವಿನಜೋಳ, ಕಬ್ಬಿನ ಹೊಲಗಳ ಬಯಲು ಬೇಕಾದಷ್ಟಿದೆ, ಹಾರಿಕೆಗೆ ಒದಗುವಂಥ ಎತ್ತರದ ಬೋಳುಗುಡ್ಡವಿಲ್ಲ. ಗುಡ್ಡವಿದ್ದಲ್ಲಿ ಬಯಲಿಲ್ಲ, ಬಯಲಿದ್ದಲ್ಲಿ ಗುಡ್ಡವಿಲ್ಲ. ಮೋಟಾರಿನ ಪ್ರಶ್ನೆ ಏಳುವುದು ಇಲ್ಲಿಂದ. ಮೋಟಾರು ಇಲ್ಲಿ ಗುಡ್ಡಕ್ಕೆ ಬದಲಿಯೇ ಹೊರತು ವಿಮಾನದ ಎಂಜಿನ್ನಿಗೆ ಬದಲಿಯಲ್ಲ. ಈ ಮಾತನ್ನು ಮರೆತು ಹೊರಟವರು ಬ್ಯಾಟರಿಯ ಮೇಲೆ ಬ್ಯಾಟರಿ ಹೇರುತ್ತಾರೆ, ಕೊನೆಗೆ ಯಾರೂ ಹೊತ್ತು ಓಡಲಾಗದ ರೆಕ್ಕೆಯೊಂದು ಉಳಿಯುತ್ತದೆ.

ಮರದಿಂದ ಮರಕ್ಕೆ ತೇಲುವ ಹಾರುವ ಓತಿ ಈ ಕಾಡುಗಳಲ್ಲೇ ಇದೆ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಪಕ್ಕೆಲುಬುಗಳನ್ನು ಚಾಚಿ ಚರ್ಮದ ರೆಕ್ಕೆ ಬಿಚ್ಚುವ ಆ ಪ್ರಾಣಿ ಹಾರುವಾಗ ಸ್ನಾಯುಬಲವನ್ನು ಎತ್ತರ ಗಳಿಸಲು ಬಳಸುವುದಿಲ್ಲ. ಕಾಲಿನ ಬಲದಿಂದ ಕಾಂಡ ಹತ್ತುತ್ತದೆ, ಆಮೇಲೆ ಗಾಳಿಗೆ ಮೈಯೊಡ್ಡುತ್ತದೆ. ವಿದ್ಯುತ್ ಹ್ಯಾಂಗ್ ಗ್ಲೈಡರಿನ ದಿನಚರಿಯೂ ಅದೇ: ಐದಾರು ನಿಮಿಷ ಮೋಟಾರಿನಿಂದ ಹತ್ತುವುದು, ಮೋಟಾರು ನಿಲ್ಲಿಸಿ ತೇಲುವುದು, ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿಯ ಕಂಬ ಸಿಕ್ಕರೆ ಅದರೊಳಗೆ ಸುತ್ತು ಹೊಡೆಯುತ್ತ ಮತ್ತೆ ಏರುವುದು.

ಬಟ್ಟೆಯ ಈ ರೆಕ್ಕೆಯ ಮೂಲ ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ರೊಗಾಲೊ ಮತ್ತು ಅವರ ಪತ್ನಿ ಗರ್ಟ್ರೂಡ್ ರೂಪಿಸಿದ ಮಡಚುವ ರೆಕ್ಕೆ. ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1951ರಲ್ಲಿ. ಆಸ್ಟ್ರೇಲಿಯಾದ ಗ್ರಾಫ್ಟನ್ ಪಟ್ಟಣದಲ್ಲಿ ಜಾನ್ ಡಿಕನ್ಸನ್ 1963ರಲ್ಲಿ ಅದಕ್ಕೆ ತ್ರಿಕೋನದ ಹಿಡಿಕೋಲನ್ನು ಜೋಡಿಸಿ, ದೋಣಿಯಿಂದ ಎಳೆಸಿ ಹಾರಿಸಿದರು. ಇಂದಿನ ರೆಕ್ಕೆಗಳ ಚಾಲನಾಕ್ರಮ ಅಲ್ಲಿಂದ ಬಂದದ್ದು. ಮನುಷ್ಯನನ್ನು ಹೊತ್ತ ವಿದ್ಯುತ್ ವಿಮಾನ ಹಾರಿದ್ದು 1973ರಲ್ಲಿ, ಆಸ್ಟ್ರಿಯಾದಲ್ಲಿ. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಬಲದಲ್ಲಿ ಅದು ಗಾಳಿಯಲ್ಲಿ ನಿಂತದ್ದು ಹತ್ತು ನಿಮಿಷದ ಆಸುಪಾಸು. ಹ್ಯಾಂಗ್ ಗ್ಲೈಡರಿಗೇ ವಿದ್ಯುತ್ ಮೋಟಾರು ಕೂರಿಸಿದ ಹೆಸರಾಂತ ಪ್ರಯತ್ನ 1979ರ ಏಪ್ರಿಲ್ 29ರದು. ಕ್ಯಾಲಿಫೋರ್ನಿಯಾದ ಲ್ಯಾರಿ ಮಾರೊ ‘ಈಸಿ ರೈಸರ್’ ಎಂಬ ಎರಡು ಅಂತಸ್ತಿನ ರೆಕ್ಕೆಯ ಗ್ಲೈಡರಿಗೆ ಸೌರಫಲಕ, ಹೆಲಿಕಾಪ್ಟರಿನಿಂದ ತೆಗೆದ ಬ್ಯಾಟರಿ, ಸುಮಾರು ಮೂರೂವರೆ ಅಶ್ವಶಕ್ತಿಯ ಮೋಟಾರು ಜೋಡಿಸಿ ‘ಸೋಲಾರ್ ರೈಸರ್’ ಮಾಡಿದರು. ಒಂದೂವರೆ ಗಂಟೆ ಬಿಸಿಲಿಗಿಟ್ಟು ಚಾರ್ಜ್ ಮಾಡಿದರೆ ಮೂರರಿಂದ ಐದು ನಿಮಿಷದ ಓಟ. ಮೊದಲ ಹಾರಾಟ ಅರ್ಧ ಮೈಲು, ಎತ್ತರ 40 ಅಡಿ. ಸಾಧನೆ ಸಣ್ಣದೇ, ಆದರೆ ಮೋಟಾರು ಎತ್ತರಕ್ಕೆ ಮಾತ್ರ, ಹಾರಾಟ ರೆಕ್ಕೆಯದು ಎಂಬ ತತ್ವವನ್ನು ಮಾರೊ ಸರಿಯಾಗಿಯೇ ಹಿಡಿದಿದ್ದರು. ಕೊರತೆಯಿದ್ದದ್ದು ಬ್ಯಾಟರಿಯಲ್ಲಿ. ಅದು ನೀಗಲು ಲಿಥಿಯಂ-ಅಯಾನ್ ಕೋಶಗಳು ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಸ್ವೀಡನ್ನಿನ ‘ಮಸ್ಕೀಟೊ’ದಂಥ ಪೆಟ್ರೋಲ್ ಹಾರ್ನೆಸ್‌ಗಳು, ಅಂದರೆ ಹಾರುವವನನ್ನು ತೂಗಿಹಿಡಿಯುವ ಪಟ್ಟಿಗೇ ಎಂಜಿನ್ ಕೂಡಿಸಿದ ಜೋಡಣೆಗಳು, ಬಂದು, ಬೋರಲಾಗಿ ಮಲಗಿದವನ ಕಾಲಿನ ಹಿಂದೆ ಪ್ರೊಪೆಲರ್ ಇರಿಸುವ ಮಾದರಿಯನ್ನು ನೆಲೆಗೊಳಿಸಿದವು. ಇಂದಿನ ವಿದ್ಯುತ್ ಜೋಡಣೆಗಳ ವಂಶ ಅದೇ.

ಕರ್ನಾಟಕದಲ್ಲಿ ವಿಮಾನ ನಿರ್ಮಾಣದ ಆರಂಭಕ್ಕೂ ಗ್ಲೈಡರಿನ ನಂಟಿದೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 1940ರ ದಶಕದ ಆರಂಭದಲ್ಲಿ ವಿ. ಎಂ. ಘಾಟಗೆಯವರು ವಿನ್ಯಾಸ ಮಾಡಿದ ಜಿ-1 ಹತ್ತು ಆಸನದ ಗ್ಲೈಡರ್. ಎಂಜಿನ್ ಇಲ್ಲದ ವಿಮಾನ. ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಹಾರಿತು. ಅದರ ವಿದ್ಯುತ್ ರೂಪ ‘ಇ-ಹಂಸ’ದ ಯೋಜನೆ ಪ್ರಕಟವಾದದ್ದು 2025ರಲ್ಲಿ. ಹ್ಯಾಂಗ್ ಗ್ಲೈಡರ್ ಇವೆಲ್ಲಕ್ಕಿಂತ ಬಹಳ ಹಗುರ, ಆದ್ದರಿಂದಲೇ ಅದರ ಲೆಕ್ಕದಲ್ಲಿ ಒಂದೊಂದು ಕಿಲೋಗೂ ಬೆಲೆ.

ಲೆಕ್ಕಕ್ಕೆ ಒಂದು ಉದಾಹರಣೆ. ಹಾರುವವನ ತೂಕ 75 ಕಿಲೋ, ರೆಕ್ಕೆ 32, ಹಾರ್ನೆಸ್ ಮತ್ತು ತುರ್ತು ಪ್ಯಾರಾಚೂಟ್ 12, ವಿದ್ಯುತ್ ಸಾಮಾನು 23: ಒಟ್ಟು 142 ಕಿಲೋ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಇಂಥ ರೆಕ್ಕೆ ಸೆಕೆಂಡಿಗೆ 1.1 ಮೀಟರ್ ಇಳಿಯುತ್ತದೆ ಎಂದುಕೊಂಡರೆ, ಇಳಿಯದಂತೆ ಸಮತಟ್ಟಾಗಿ ಹಿಡಿದಿಡಲು ಬೇಕಾದ ಶಕ್ತಿ 1.5 ಕಿಲೋವ್ಯಾಟ್. ಸೆಕೆಂಡಿಗೆ 1.2 ಮೀಟರಿನಂತೆ ಏರಬೇಕಾದರೆ ಇನ್ನೂ 1.7 ಕಿಲೋವ್ಯಾಟ್ ಬೇಕು. ಗಾಳಿಗೆ ಸಲ್ಲಬೇಕಾದದ್ದು ಒಟ್ಟು 3.2 ಕಿಲೋವ್ಯಾಟ್, ಮನೆಯ ಗೀಸರ್ ಒಂದೂವರೆಯಷ್ಟು. ಆದರೆ ಬ್ಯಾಟರಿಯಿಂದ ಹೊರಟದ್ದೆಲ್ಲ ಗಾಳಿಗೆ ಸಲ್ಲುವುದಿಲ್ಲ. ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಕಂಟ್ರೋಲರಿನಲ್ಲಿ ನೂರಕ್ಕೆ ಐದು, ಮೋಟಾರಿನಲ್ಲಿ ಹತ್ತು ಹನ್ನೆರಡು, ಪ್ರೊಪೆಲರಿನಲ್ಲಿ ನಲವತ್ತಕ್ಕೂ ಮಿಕ್ಕಿ ಸೋರಿಹೋಗುತ್ತದೆ. ಕೊನೆಗೆ ಕೈಗೆ ಸಿಗುವುದು ಶೇಕಡ 45ರಷ್ಟು. ಆದ್ದರಿಂದ ಬ್ಯಾಟರಿ ಕೊಡಬೇಕಾದದ್ದು 7.1 ಕಿಲೋವ್ಯಾಟ್. ನೆಲದಿಂದ 400 ಮೀಟರ್ ಏರಲು ಐದೂವರೆ ನಿಮಿಷ, ಖರ್ಚು 0.66 ಯೂನಿಟ್. 142 ಕಿಲೋ ತೂಕವನ್ನು 400 ಮೀಟರ್ ಎತ್ತಲು ಶುದ್ಧಾಂಗವಾಗಿ ಬೇಕಾದದ್ದು 0.155 ಯೂನಿಟ್ ಮಾತ್ರ. ಉಳಿದ ಅರ್ಧ ಯೂನಿಟ್ ಎಲ್ಲಿ ಹೋಯಿತೆಂದು ಹುಡುಕುವುದರಲ್ಲೇ ಈ ವಿದ್ಯೆಯ ಮುಕ್ಕಾಲು ಪಾಲಿದೆ.

ಅತಿ ದೊಡ್ಡ ಸೋರಿಕೆ ಪ್ರೊಪೆಲರಿನದು. ನಿಧಾನವಾಗಿ ಸಾಗುವ ಯಂತ್ರವನ್ನು ಸಣ್ಣ ಪ್ರೊಪೆಲರಿನಿಂದ ತಳ್ಳಿದರೆ ಸ್ವಲ್ಪ ಗಾಳಿಯನ್ನು ತೀರ ಜೋರಾಗಿ ಹಿಂದಕ್ಕೆಸೆದಂತಾಗುತ್ತದೆ, ಶಕ್ತಿ ಆ ಗಾಳಿಯ ಪಾಲಾಗುತ್ತದೆ. ಮೇಲಿನ ಉದಾಹರಣೆಗೆ ಬೇಕಾದ ತಳ್ಳುಬಲ ಸುಮಾರು 30 ಕಿಲೋ. 1.2 ಮೀಟರ್ ವ್ಯಾಸದ ಪ್ರೊಪೆಲರ್ ಎಷ್ಟೇ ನಯವಾಗಿದ್ದರೂ ಶೇಕಡ 62ನ್ನು ದಾಟದು, 1.4 ಮೀಟರ್ ಮಾಡಿದರೆ ಈ ಮಿತಿ 67ಕ್ಕೇರುತ್ತದೆ. ಕೆತ್ತನೆಯ ಕುಂದುಕೊರತೆ ಸೇರಿದರೆ ನಿಜವಾದ ಅಂಕಿ ಇವಕ್ಕಿಂತ ಹತ್ತರಷ್ಟು ಕೆಳಗಿರುತ್ತದೆ. ಹಾಗೆಂದು ವ್ಯಾಸವನ್ನು ಇನ್ನಷ್ಟು ಹಿಗ್ಗಿಸುವಂತಿಲ್ಲ. ಓಡಿ ಹಾರುವಾಗ, ಬಂದು ಇಳಿಯುವಾಗ ಅಲಗು ನೆಲಕ್ಕೆ ಬಡಿಯುತ್ತದೆ, ಮೇಲ್ಗಡೆ ರೆಕ್ಕೆಯ ಹಿಂಬದಿಯ ತಂತಿಗಳಿವೆ. ಇಳಿಯುವಾಗ ಅಲಗುಗಳು ಹಿಂದಕ್ಕೆ ಮಡಚಿಕೊಳ್ಳಲೇಬೇಕು. ಗಾಳಿಗೆ ಸುಮ್ಮನೆ ತಿರುಗುತ್ತಿರುವ ಪ್ರೊಪೆಲರ್ ರೆಕ್ಕೆಯ ತೇಲುವ ಗುಣವನ್ನೇ ಕೆಡಿಸುತ್ತದೆ.

ಬ್ಯಾಟರಿಯ ಆಯ್ಕೆಯಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಅಂಗಡಿಯಲ್ಲಿ ಕೋಶದ ಮೇಲೆ ದೊಡ್ಡದಾಗಿ ಬರೆದಿರುವುದು ಅದರ ಸಂಗ್ರಹ, ಎಷ್ಟು ಆಂಪಿಯರ್-ಗಂಟೆ ಎಂಬುದು. ಹ್ಯಾಂಗ್ ಗ್ಲೈಡರಿಗೆ ಅಷ್ಟೇ ಮುಖ್ಯವಾದದ್ದು ಅದು ಒಮ್ಮೆಲೇ ಎಷ್ಟು ಕೊಡಬಲ್ಲದು ಎಂಬುದು. 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದದ ಕೋಶವೊಂದರ ತೂಕ ಸುಮಾರು 70 ಗ್ರಾಂ. 5 ಆಂಪಿಯರ್-ಗಂಟೆಯ ಕೋಶಗಳಲ್ಲಿ 14 ಸಾಲಾಗಿ, 6 ಜೊತೆಯಾಗಿ, ಒಟ್ಟು 84 ಜೋಡಿಸಿದರೆ ಒಂದೂವರೆ ಯೂನಿಟ್ ಹಿಡಿಯುತ್ತದೆ, ತೂಕ ಆರು ಕಿಲೋ ಒಳಗೆ. ಕಾಗದದ ಮೇಲೆ ಚಂದ. ಆದರೆ 7.1 ಕಿಲೋವ್ಯಾಟ್ ಕೊಡುವಾಗ 50 ವೋಲ್ಟಿನಲ್ಲಿ ಹರಿಯುವ ಕರೆಂಟು 140 ಆಂಪಿಯರ್. ಒಂದೊಂದು ಕೋಶದ ಪಾಲಿಗೆ 23. ಹೆಚ್ಚು ಹಿಡಿಯಲೆಂದೇ ಮಾಡಿದ ಕೋಶ ಇದನ್ನು ಐದು ನಿಮಿಷ ತಾಳುವುದಿಲ್ಲ. ಕಾಯುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಅದರ ಬದಲು ಹೆಚ್ಚು ಕೊಡಬಲ್ಲ 4.2 ಆಂಪಿಯರ್-ಗಂಟೆಯ ಕೋಶಗಳನ್ನು 14 ಸಾಲು, 8 ಜೊತೆ, ಒಟ್ಟು 112 ಜೋಡಿಸಿದರೆ ಸಂಗ್ರಹ ಸುಮಾರು 1.7 ಯೂನಿಟ್, ಕೋಶಗಳದೇ ತೂಕ 8 ಕಿಲೋ, ಪೆಟ್ಟಿಗೆ-ತಂತಿ ಸೇರಿ ಹತ್ತು. ಒಂದೊಂದು ಕೋಶದ ಪಾಲು 18 ಆಂಪಿಯರಿಗೆ ಇಳಿಯುತ್ತದೆ. 400 ಮೀಟರ್ ಎತ್ತರದ ಎರಡು ಏರಿಕೆಗೆ 1.32 ಯೂನಿಟ್ ಹೋದರೂ ಐದರಲ್ಲೊಂದು ಪಾಲು ಮೀಸಲು ಉಳಿಯುತ್ತದೆ. ಎರಡಕ್ಕಿಂತ ಹೆಚ್ಚು ಏರಿಕೆ ಬಯಸುವುದು ದುರಾಸೆ.

ಪೆಟ್ರೋಲಿನ ಎದುರು ಇದು ಬಡತನವೇ. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್ ಶಾಖವಿದೆ. ಸಣ್ಣ ಟೂ-ಸ್ಟ್ರೋಕ್ ಎಂಜಿನ್ ಅದರಲ್ಲಿ ಆರರಲ್ಲೊಂದು ಪಾಲನ್ನಷ್ಟೇ ದುಡಿಸಿಕೊಂಡರೂ ಎರಡು ಯೂನಿಟ್ ಕೆಲಸ ಸಿಕ್ಕಿತು. ಒಂದು ಕಿಲೋ ಬ್ಯಾಟರಿ ಕೊಡುವುದು 0.17. ಗಂಟೆಗಟ್ಟಲೆ ಮೋಟಾರಿನಲ್ಲೇ ಸಾಗಬೇಕೆನ್ನುವವನಿಗೆ ಪೆಟ್ರೋಲೇ ಸರಿ. ಐದು ನಿಮಿಷದ ಗುಡ್ಡ ಸಾಕೆನ್ನುವವನಿಗೆ ತಕ್ಕಡಿ ಇನ್ನೊಂದು ಬದಿಗೆ ವಾಲುತ್ತದೆ: ವಿದ್ಯುತ್ ಮೋಟಾರು ನಾಲ್ಕು ಕಿಲೋ, ನಡುಕ ಕಡಿಮೆ, ಸದ್ದಿನಲ್ಲಿ ಪ್ರೊಪೆಲರಿನದೇ ಹೆಚ್ಚು ಪಾಲು. ಮಿಗಿಲಾಗಿ, ಗಾಳಿಯಲ್ಲಿ ನಿಲ್ಲಿಸಿದ ಮೋಟಾರು ಬೇಕೆಂದಾಗ ಮತ್ತೆ ಹೊತ್ತಿಕೊಳ್ಳುತ್ತದೆಂಬ ಭರವಸೆ ಇದೆ. ಎಳೆದು ಸ್ಟಾರ್ಟ್ ಮಾಡುವ ಹಗ್ಗ, ಕಾರ್ಬುರೇಟರಿನ ಮುನಿಸು, ಎಣ್ಣೆ ಬೆರೆಸುವ ಲೆಕ್ಕ ಯಾವುದೂ ಇಲ್ಲ.

ಅದೇ ಗುಣ ಅಪಾಯವೂ ಆಗಬಲ್ಲದು. ವಿದ್ಯುತ್ ಮೋಟಾರು ಪೂರ್ತಿ ತಿರುಚುಬಲವನ್ನು ಕ್ಷಣದಲ್ಲಿ ಕೊಡುತ್ತದೆ. ಹ್ಯಾಂಗ್ ಗ್ಲೈಡರಿನಲ್ಲಿ ತಳ್ಳುಬಲ ಬೀಳುವುದು ರೆಕ್ಕೆಯ ಮೇಲಲ್ಲ, ಕೆಳಗೆ ತೂಗುತ್ತಿರುವವನ ಮೇಲೆ; ಥಟ್ಟನೆ ತಳ್ಳಿದರೆ ಅವನು ರೆಕ್ಕೆಗಿಂತ ಮುಂದೆ ತೂಗುತ್ತಾನೆ, ಚುಕ್ಕಾಣಿ ಅವನ ಮೈಯ ಜಾಗವೇ ಆದ್ದರಿಂದ ಹಿಡಿತ ತಪ್ಪುತ್ತದೆ. ಕಂಟ್ರೋಲರನ್ನು ಎರಡು ಮೂರು ಸೆಕೆಂಡುಗಳಲ್ಲಿ ಮೆಲ್ಲಗೆ ಬಲ ಏರಿಸುವಂತೆ ಹೊಂದಿಸುವುದು ಅದಕ್ಕಾಗಿ. ಥ್ರಾಟಲ್ ಎಲ್ಲಿರಬೇಕೆಂಬುದು ಇನ್ನೊಂದು ತಲೆನೋವು: ಓಡುವಾಗ ಎರಡೂ ಕೈಗಳು ತ್ರಿಕೋನವನ್ನು ಹಿಡಿದಿರುತ್ತವೆ. ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಥ್ರಾಟಲ್ ಹುಟ್ಟಿದ್ದು ಹೀಗೆ. ಬಾಯಿ ಬಿಟ್ಟರೆ ಮೋಟಾರು ನಿಲ್ಲುತ್ತದೆ. ಹಾಸ್ಯವಾಗಿ ಕಂಡರೂ ಎಡವಿ ಬಿದ್ದವನ ಕಾಲಿನ ಬಳಿ ಪ್ರೊಪೆಲರ್ ತಿರುಗುತ್ತಿರಬಾರದೆಂಬ ವಿವೇಕ ಅದರಲ್ಲಿದೆ.

ವಿದ್ಯುತ್ ಸ್ಕೂಟರಿಗೆ ಮಾಡಿದ ಬ್ಯಾಟರಿ ರಕ್ಷಣಾ ಸರ್ಕಿಟನ್ನು ಹಾಗೇ ತಂದು ಕೂರಿಸುವುದು ಸುಲಭದ ದಾರಿ, ತಪ್ಪು ದಾರಿ. ವೋಲ್ಟೇಜ್ ಇಳಿದರೆ, ಕೋಶ ಕಾದರೆ ಅದು ಮುನ್ಸೂಚನೆಯಿಲ್ಲದೆ ಕರೆಂಟನ್ನು ಕಡಿದುಹಾಕುತ್ತದೆ. ರಸ್ತೆಯಲ್ಲಿ ಗಾಡಿ ನಿಂತರೆ ಪಕ್ಕಕ್ಕೆ ತಳ್ಳಬಹುದು. 20 ಮೀಟರ್ ಎತ್ತರದಲ್ಲಿ, ಮುಂದೆ ಮಾವಿನ ತೋಪಿರುವಾಗ, ಬ್ಯಾಟರಿಯನ್ನು ಉಳಿಸುವುದಕ್ಕಿಂತ ಮನುಷ್ಯನನ್ನು ಉಳಿಸುವುದು ಮೇಲು. ಹಾರಾಟದ ಬ್ಯಾಟರಿ ಮೊದಲು ಎಚ್ಚರಿಸಬೇಕು, ಆಮೇಲೆ ಬಲ ತಗ್ಗಿಸಬೇಕು, ಕಡಿದುಹಾಕುವ ನಿರ್ಧಾರವನ್ನು ಹಾರುವವನಿಗೇ ಬಿಡಬೇಕು. ಫ್ಯೂಸ್ ಇರಲೇಬೇಕು. ಪ್ಲಗ್ ಚುಚ್ಚುವಾಗ ಕಿಡಿ ಹಾರದಂತೆ ಕಂಟ್ರೋಲರಿನ ಕೆಪಾಸಿಟರುಗಳನ್ನು ರೆಸಿಸ್ಟರ್ ಮೂಲಕ ಮೊದಲು ತುಂಬಿಕೊಳ್ಳಬೇಕು. ಬ್ಯಾಟರಿ ಪೆಟ್ಟಿಗೆಯ ಜಾಗ ಹೊಟ್ಟೆಯ ಕೆಳಗಲ್ಲ. ಹೊಟ್ಟೆ ಊರಿ ಇಳಿದ ದಿನ ನಜ್ಜುಗುಜ್ಜಾಗುವುದು ಅದೇ. ಜಜ್ಜಿದ ಲಿಥಿಯಂ ಕೋಶ ಹತ್ತಿಕೊಂಡರೆ ಆರಿಸುವುದು ಕಷ್ಟ.

ಘಟ್ಟದ ಮೇಲಿನ ಈ ನೆಲ ಲೆಕ್ಕಕ್ಕೆ ತನ್ನದೊಂದು ತಿದ್ದುಪಡಿ ಸೇರಿಸುತ್ತದೆ. ಸಮುದ್ರಮಟ್ಟದಿಂದ 500-600 ಮೀಟರ್ ಎತ್ತರ, ಮಾರ್ಚಿ ತಿಂಗಳ 30 ಡಿಗ್ರಿ ಬಿಸಿಲು ಎರಡೂ ಸೇರಿದರೆ ಗಾಳಿಯ ಸಾಂದ್ರತೆ ಪುಸ್ತಕದ ಅಂಕಿಗಿಂತ ಶೇಕಡ 11ರಷ್ಟು ಕಡಿಮೆ. ರೆಕ್ಕೆ ಎತ್ತಿಕೊಳ್ಳುವ ವೇಗ ಶೇಕಡ 6ರಷ್ಟು ಹೆಚ್ಚು ಬೇಕು: 30 ಕಿಲೋಮೀಟರಿಗೆ ಬದಲು 32. ಹೆಗಲ ಮೇಲೆ 67 ಕಿಲೋ ಹೊತ್ತು ಬಯಲಲ್ಲಿ ಓಡುವವನಿಗೆ ಆ ಎರಡು ಕಿಲೋಮೀಟರ್ ಸಣ್ಣದಲ್ಲ. ಗಾಳಿ ಸ್ತಬ್ಧವಾಗಿರುವ ಮುಂಜಾವಿನಲ್ಲಿ ಓಡಿ ಹಾರುವುದು ಕಸುಬಿನವರಿಗೂ ಏದುಸಿರಿನ ಕೆಲಸ. ಗಂಟೆಗೆ ಎಂಟು ಹತ್ತು ಕಿಲೋಮೀಟರಿನ ಎದುರುಗಾಳಿ ಇದ್ದರೆ ಕೆಲಸ ಹಗುರಾಗುತ್ತದೆ. ಕೆಲವರು ಮೂರು ಗಾಲಿಯ ಸಣ್ಣ ಬಂಡಿ ಕಟ್ಟಿಕೊಂಡು ಓಟದ ಕಷ್ಟವನ್ನೇ ತಪ್ಪಿಸುತ್ತಾರೆ. ಆಗ ತೂಕವೂ ಗಾಳಿಯ ಎಳೆತವೂ ಏರಿ, 112 ಕೋಶಗಳ ಅದೇ ಬ್ಯಾಟರಿ ಎರಡು ಏರಿಕೆಗೆ ಸಾಲದಾಗುತ್ತದೆ.

ಎಲ್ಲಿ ಹಾರಬಹುದು ಎಂಬುದನ್ನು ನಕಾಶೆಯೇ ಬಹುಪಾಲು ತೀರ್ಮಾನಿಸುತ್ತದೆ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಅದರ ಹೆಸರು ಕಾಳಿ. ಅದರ ನೆತ್ತಿಯ ಮೇಲೆ ತಗ್ಗಿನಲ್ಲಿ ಹಾರುವ ಮಾತೇ ಇಲ್ಲ. ಹಾರ್ನ್‌ಬಿಲ್‌ಗಳಿಗೆಂದೇ 2011ರಲ್ಲಿ ಮೀಸಲಾದ ಕಾಡು ದಾಂಡೇಲಿ ಸುತ್ತಮುತ್ತ ಇದೆ. ಹೆಣ್ಣು ಹಾರ್ನ್‌ಬಿಲ್ ಪೊಟರೆಯೊಳಗೆ ಸೇರಿ ಬಾಗಿಲು ಮುಚ್ಚಿಕೊಂಡಿರುವ, ಗಂಡು ಹಣ್ಣು ತಂದು ಉಣಿಸುವ ತಿಂಗಳುಗಳು ಬೇಸಿಗೆಯ ಆರಂಭದವು. ಬಿಸಿಗಾಳಿಯ ಕಂಬಗಳು ಚೆನ್ನಾಗಿ ಏಳುವ ಕಾಲವೂ ಅದೇ. ಮೋಟಾರು ಎಷ್ಟು ಮೆತ್ತಗಿದ್ದರೂ ಆ ಮರಗಳ ಮೇಲೆ ದೊಡ್ಡ ರೆಕ್ಕೆಯ ನೆರಳು ಹಾಯುವುದು ಸಲ್ಲದು. ಜೋಯಿಡಾದ ಬಹುಭಾಗ ಇನ್ನೊಂದು ಕಾರಣಕ್ಕೂ ಹೊರಗುಳಿಯುತ್ತದೆ: ಮೋಟಾರು ಕೈಕೊಟ್ಟರೆ ಇಳಿಯಲು ಮರದ ತುದಿ ಬಿಟ್ಟರೆ ಬೇರೆ ಜಾಗವಿಲ್ಲ. 400 ಮೀಟರ್ ಎತ್ತರದಿಂದ ತೇಲಿ ತಲುಪಬಹುದಾದದ್ದು ಒಳ್ಳೆಯ ಗಾಳಿಯಲ್ಲಿ ನಾಲ್ಕು ಕಿಲೋಮೀಟರ್. ಆ ವ್ಯಾಪ್ತಿಯಲ್ಲಿ ಸದಾ ಒಂದು ಕೊಯ್ದ ಹೊಲ ಕಣ್ಣಿಗೆ ಬೀಳುತ್ತಿರಬೇಕೆಂಬ ನಿಯಮ ಹಿಡಿದರೆ ಉಳಿಯುವುದು ಹಳಿಯಾಳದ ಮೂಡಣ ಭಾಗ ಮತ್ತು ಮುಂಡಗೋಡ. ಮುಂಡಗೋಡದ ಟಿಬೆಟನ್ ಕಾಲೊನಿಯ ಸುತ್ತಲಿನ ಗೋವಿನಜೋಳದ ಹೊಲಗಳು ಸುಗ್ಗಿಯಾದ ಮೇಲೆ ಬಿಸಿಗಾಳಿಗೂ ಒಳ್ಳೆಯವು, ಇಳಿಯುವುದಕ್ಕೂ ಒಳ್ಳೆಯವು. ಅತ್ತಿವೇರಿ ಪಕ್ಷಿಧಾಮವನ್ನು ಮಾತ್ರ ದೂರವಿಡಬೇಕು.

ಹಳಿಯಾಳದ ಕಡೆ ಕಣ್ಣಿಡಬೇಕಾದದ್ದು ಕರೆಂಟಿನ ತಂತಿಯ ಮೇಲೆ. ಕಾಳಿ ನದಿಯ ವಿದ್ಯುತ್ ವ್ಯವಸ್ಥೆ ಈ ಸೀಮೆಯ ದೊಡ್ಡ ಸಂಗತಿ: ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅಂಬಿಕಾನಗರದ ಬಳಿ 885 ಮೆಗಾವ್ಯಾಟಿನ ನಾಗಝರಿ ವಿದ್ಯುದಾಗಾರ, ಕೆಳಗೆ ಕೊಡಸಳ್ಳಿ, ಕದ್ರಾ. ನಾಗಝರಿ ಪೂರ್ಣ ಸಾಮರ್ಥ್ಯದಲ್ಲಿ ಒಂದು ಸೆಕೆಂಡು ತಿರುಗಿದರೆ ಹುಟ್ಟುವ ವಿದ್ಯುತ್ತು ಹ್ಯಾಂಗ್ ಗ್ಲೈಡರಿನ 140ಕ್ಕೂ ಹೆಚ್ಚು ಬ್ಯಾಟರಿಗಳನ್ನು ತುಂಬಬಲ್ಲದು. ಆ ವಿದ್ಯುತ್ತನ್ನು ಹುಬ್ಬಳ್ಳಿಯ ಕಡೆಗೆ ಒಯ್ಯುವ 220 ಕಿಲೋವೋಲ್ಟ್ ತಂತಿಗಳೇ ಹಾರುವವನಿಗೆ ಅತಿ ದೊಡ್ಡ ಅಪಾಯ. ಮೇಲಿನಿಂದ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ. ಎರಡು ಕಂಬ ಕಂಡರೆ ನಡುವೆ ತಂತಿ ಇದೆಯೆಂದೇ ತಿಳಿದು ಕಂಬದ ನೆತ್ತಿಯ ಮೇಲೆಯೇ ದಾಟಬೇಕು. ಹೊಲದ ಪಂಪ್‌ಸೆಟ್ಟಿಗೆ ಹೋಗುವ ಸಣ್ಣ ಲೈನುಗಳು ಇನ್ನೂ ಮೋಸದವು. ಇಳಿಯುವ ಹೊಲವನ್ನು ಹಿಂದಿನ ದಿನ ನಡೆದು ನೋಡಿ ಬರುವುದಕ್ಕೆ ಬದಲಿ ಉಪಾಯವಿಲ್ಲ.

ಮೋಟಾರು ಕೂರಿಸಿದೊಡನೆ ರೆಕ್ಕೆಯ ಕಾನೂನು ಸ್ಥಾನ ಬದಲಾಗುತ್ತದೆ. 2022ರ ರಾಷ್ಟ್ರೀಯ ವಾಯುಕ್ರೀಡಾ ನೀತಿ ಹ್ಯಾಂಗ್ ಗ್ಲೈಡಿಂಗನ್ನೂ ಮೋಟಾರು ಹ್ಯಾಂಗ್ ಗ್ಲೈಡಿಂಗನ್ನೂ ಹೆಸರಿಸಿ ತನ್ನ ವ್ಯಾಪ್ತಿಗೆ ತಂದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು, ಆಕಾಶವಲಯದ ಅನುಮತಿ, ಜಿಲ್ಲಾಡಳಿತದ ಒಪ್ಪಿಗೆ ಇವುಗಳ ದಾರಿ ಹಿಡಿಯದೆ ಹಾರುವಂತಿಲ್ಲ. ಕೈಗಾ ಅಣುಸ್ಥಾವರವೂ ಕಾರವಾರದ ನೌಕಾನೆಲೆಯೂ ಇದೇ ಜಿಲ್ಲೆಯಲ್ಲಿರುವಾಗ ಇದು ಬರಿಯ ಕಾಗದದ ವಿಧಿಯಲ್ಲ.

ಪರೀಕ್ಷೆಯ ಕ್ರಮವೂ ನೆಲದಿಂದಲೇ ಮೊದಲಾಗಬೇಕು. ಮೋಟಾರು, ಪ್ರೊಪೆಲರ್, ಬ್ಯಾಟರಿಯನ್ನು ಗಟ್ಟಿ ಚೌಕಟ್ಟಿಗೆ ಬಿಗಿದು, ತೂಗುಮಾಪಕ ಕಟ್ಟಿ, ಪೂರ್ತಿ ಆರು ನಿಮಿಷ ಓಡಿಸಿ ನೋಡುವುದು ಮೊದಲ ಹೆಜ್ಜೆ. ಹಳಿಯಾಳದ ಎಂಜಿನಿಯರಿಂಗ್ ಕಾಲೇಜಿನಂಥ ಕಡೆಯ ವರ್ಕ್‌ಶಾಪಿನಲ್ಲಿ ಆಗಬಹುದಾದ ಕೆಲಸ. ತಳ್ಳುಬಲ 30 ಕಿಲೋ ಮುಟ್ಟಿತೇ ಎಂಬುದಕ್ಕಿಂತ ಆರನೆಯ ನಿಮಿಷದಲ್ಲಿ ಎಷ್ಟು ಉಳಿದಿತ್ತು, ಮೋಟಾರಿನ ಸುರುಳಿ, ನಡುವಿನ ಸಾಲಿನ ಕೋಶಗಳು ಎಷ್ಟು ಕಾದಿದ್ದವು ಎಂಬುದು ಮುಖ್ಯ. ಅಂಚಿನ ಕೋಶಗಳಿಗೆ ಗಾಳಿ ತಾಗುತ್ತದೆ; ನಡುವಿನವು ಮೊದಲು ಸೋಲುತ್ತವೆ, ಉಷ್ಣಮಾಪಕವನ್ನು ಅಲ್ಲೇ ಅಂಟಿಸಬೇಕು. ಆಮೇಲೆ ಹಾರ್ನೆಸ್ಸನ್ನು ಮರದ ತೊಲೆಗೆ ತೂಗುಹಾಕಿ ಪ್ರೊಪೆಲರ್ ಇಲ್ಲದೆ ಬಟನ್ನುಗಳ ಅಭ್ಯಾಸ. ಮೊದಲ ಹಾರಾಟ ಮೋಟಾರನ್ನು ಹೊತ್ತು, ಅದನ್ನು ಚಾಲೂ ಮಾಡದೆ, ರೂಢಿಯ ಗುಡ್ಡವೊಂದರಿಂದ: 23 ಕಿಲೋ ಹೆಚ್ಚಿದ ರೆಕ್ಕೆ ಹೇಗೆ ಇಳಿಯುತ್ತದೆಂದು ತಿಳಿದ ಮೇಲೆ ಹೇಗೆ ಏರುತ್ತದೆಂದು ನೋಡಬಹುದು.

ಚಾರ್ಜಿಗೆ ಮನೆಯ ಸಾಮಾನ್ಯ ಪ್ಲಗ್ ಸಾಕು. 10 ಆಂಪಿಯರಿನ ಚಾರ್ಜರ್ ಮೂರರಿಂದ ನಾಲ್ಕು ತಾಸಿನಲ್ಲಿ ತುಂಬುತ್ತದೆ, ಮೀಟರಿನಲ್ಲಿ ಎರಡು ಯೂನಿಟ್ ಓಡುತ್ತದೆ. ಇಳಿದ ಕೂಡಲೇ, ಬ್ಯಾಟರಿ ಇನ್ನೂ ಬಿಸಿಯಿರುವಾಗ ಚಾರ್ಜಿಗೆ ಹಾಕಬಾರದು. ಜೂನ್ ಮೊದಲ ವಾರದ ಹೊತ್ತಿಗೆ ಹಾರಾಟದ ಕಾಲ ಮುಗಿಯುತ್ತದೆ. ನಾಲ್ಕು ತಿಂಗಳ ಮಳೆಗಾಲದಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಬರಿದು ಮಾಡಿಯೂ ಇಡಬಾರದು. ಅರ್ಧ ಚಾರ್ಜಿನಲ್ಲಿ, ತೇವ ತಾಗದ ಡಬ್ಬಿಯಲ್ಲಿ, ಮಲಗುವ ಕೋಣೆಯಿಂದ ದೂರ ಇಟ್ಟು ತಿಂಗಳಿಗೊಮ್ಮೆ ವೋಲ್ಟೇಜ್ ನೋಡಬೇಕು. ಕನೆಕ್ಟರುಗಳಿಗೆ ಹಸಿರು ಕಿಲುಬು ಹತ್ತುವುದು, ರೆಕ್ಕೆಯ ಬಟ್ಟೆಗೆ ಬೂಷ್ಟು ಬರುವುದು ಈ ತಿಂಗಳುಗಳಲ್ಲೇ. ಅಕ್ಟೋಬರಿನಲ್ಲಿ ಹೊರತೆಗೆದಾಗ ಒಂದೊಂದು ಸಾಲಿನ ವೋಲ್ಟೇಜನ್ನೂ ಬೇರೆಬೇರೆಯಾಗಿ ಅಳೆದು, ಉಳಿದವುಗಳಿಗಿಂತ ಇಳಿದಿರುವ ಸಾಲು ಕಂಡರೆ ಆ ಬ್ಯಾಟರಿಯನ್ನು ಹಾರಾಟದಿಂದ ತೆಗೆದುಹಾಕುವುದು ರೂಢಿ.